ತಂಗೆವ್ವನ ದನಿಗೆ ಮುದ್ರೆ ಇಲ್ಲ

ಆ ದಿನ ಮಧ್ಯಾಹ್ನ ತಂಗೆವ್ವ ಬೈದದ್ದು ಹೀಗೆ: "ಲೇ ಕೊಟ್ರೇಶಿ, ಕೈ ತೊಳಕೊಳ್ಳದ ತಾಟಿಗೆ ಕೈ ಹಾಕ್ತಿಯೇನೋ ಹೊಲಸ ಮಂಗ್ಯಾ!" ಖಾನಾವಳಿಯಲ್ಲಿ ಊಟಕ್ಕೆ ಕೂತವರಿಗೆ ಕೇಳಿಸಿದ್ದೇ ಬೇರೆ. "ಕೊಟ್ರೇಶಿಯವರೇ, ದಯವಿಟ್ಟು ಊಟಕ್ಕೆ ಮುಂಚೆ ಕೈ ತೊಳೆದುಕೊಳ್ಳಿ."

ಖಾನಾವಳಿ ತುಂಬ ನಗು ಎದ್ದಿತು ನೋಡಿ! ಕೊಟ್ರೇಶಿ ಎದ್ದು ನಿಂತು ಎರಡೂ ಕೈ ಮುಗಿದ. "ಯಕ್ಕಾ, ಏನಾತ ಬೇ ನಿನಗ? ಮೈಯಾಗ ಆರಾಮ ಇಲ್ಲೇನು?" ಅಂದ. ಹುಬ್ಬಳ್ಳಿಯಲ್ಲಿ ತಂಗೆವ್ವ ನಡೆಸುವ ಆ ಖಾನಾವಳಿಯಲ್ಲಿ ಮೊದಲು ಅವಳ ಬೈಗುಳ ತಿಂದು, ಆಮೇಲೆ ರೊಟ್ಟಿ ತಿಂದು ರೂಢಿಯಾದ ಗಿರಾಕಿ ಅವನು. ತಂಗೆವ್ವ ಕೆಂಡವಾದಳು. ಸೊಂಟಕ್ಕೆ ಕೈ ಕೊಟ್ಟು ಇನ್ನೊಂದು ಬೈದಳು. "ನಿಮ್ಮ ವರ್ತನೆಯಿಂದ ನನಗೆ ಬೇಸರವಾಗಿದೆ," ಅಂದಿತು ಅವಳ ಕೊರಳಪಟ್ಟಿ, ಸ್ಟೇಷನ್ನಿನಲ್ಲಿ ಗಾಡಿ ತಡವಾಗಿ ಬರಲಿದೆ ಎಂದು ಸಾರುವ ಹೆಣ್ಣಿನ ದನಿಯಲ್ಲಿ.

ಈ ಕೊರಳಪಟ್ಟಿ ಏನೆಂದು ಮೊದಲೇ ಹೇಳಿಬಿಡಬೇಕು. ಹಿಂದಿನ ವರ್ಷ ತಂಗೆವ್ವನ ಗಂಟಲಲ್ಲಿ ಗಡ್ಡೆಯಾಗಿ ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಜೀವ ಉಳಿಯಿತು, ದನಿ ಹೋಯಿತು. ಹಿಂದಿನ ಕಾಲವಾಗಿದ್ದರೆ ಕೈಸನ್ನೆಯಲ್ಲೇ ಉಳಿದ ಆಯುಷ್ಯ ತೆಗೆಯಬೇಕಿತ್ತು. ಈಗ ಹಾಗಲ್ಲ. ಎರಡು ಬೆರಳಗಲದ ಪಟ್ಟಿಯನ್ನು ಕೊರಳಿಗೆ ಕಟ್ಟಿಕೊಂಡು ಸದ್ದಿಲ್ಲದೆ ಬಾಯಿ ಆಡಿಸಿದರೆ, ಅದರ ಒಳಮೈಯ ತಂತಿಗಳು ಗಂಟಲು, ದವಡೆಗಳ ಸ್ನಾಯುಗಳ ಮಿಡಿತ ಓದಿ ಇದು ಇಂಥ ಮಾತು ಎಂದು ಗುರುತಿಸುತ್ತವೆ. ಮಾತು ಗೊತ್ತಾದ ಮೇಲೆ ದನಿ ಬೇಕಲ್ಲ? ಅದಕ್ಕೆಂದೇ ಆಪರೇಷನ್ನಿಗೆ ಮುಂಚೆ ಆಸ್ಪತ್ರೆಯಲ್ಲಿ ರೋಗಿಯಿಂದ ನೂರಾರು ವಾಕ್ಯ ಓದಿಸಿ ಹಿಡಿದಿಟ್ಟಿರುತ್ತಾರೆ. ಅದಕ್ಕೆ ದನಿಗಂಟು ಎಂದು ಹೆಸರು. ಪಟ್ಟಿ ಆ ಗಂಟಿನೊಳಗಿಂದ ಬೇಕಾದ ಸದ್ದನ್ನು ಹೆಕ್ಕಿ, ಹೊಲಿದು, ನುಡಿಯುತ್ತದೆ. ಇಷ್ಟು ದಿನ ತಂಗೆವ್ವ ಹಾಗೆ ತನ್ನದೇ ದನಿಯಲ್ಲಿ ಬೈದುಕೊಂಡು ಸುಖವಾಗಿದ್ದಳು.

ಹಿಂದಿನ ರಾತ್ರಿ ಕಂಪನಿ ಎಲ್ಲ ಪಟ್ಟಿಗಳಿಗೂ ಹೊಸ ತಂತ್ರಾಂಶ ಇಳಿಸಿತ್ತು. ಯಾರನ್ನು ಕೇಳಿ ಇಳಿಸಿತು? ಯಾರನ್ನೂ ಇಲ್ಲ. ಬೆಳಿಗ್ಗೆ ಪಟ್ಟಿಯ ಮೇಲೊಂದು ಹಸಿರು ದೀಪ ಮಿಣುಕಿತ್ತು, ತಂಗೆವ್ವ ಹಿಟ್ಟು ನಾದುವ ಗಡಿಬಿಡಿಯಲ್ಲಿ ಅದನ್ನು ನೋಡಿರಲಿಲ್ಲ. ಆ ಹೊಸ ತಂತ್ರಾಂಶಕ್ಕೆ ಅವಳ ದನಿಗಂಟನ್ನು ಬಿಚ್ಚಲು ಬರುತ್ತಿರಲಿಲ್ಲ. ಗಂಟು ಬಿಚ್ಚದಿದ್ದಾಗ ಪಟ್ಟಿ ತನ್ನ ಹೊಟ್ಟೆಯಲ್ಲೇ ಇದ್ದ 'ಧ್ವನಿ ನಾಲ್ಕು' ಎಂಬ ಸಿದ್ಧ ದನಿಯನ್ನು ತೆಗೆದುಕೊಂಡಿತು. ಆ ಧ್ವನಿ ನಾಲ್ಕಕ್ಕೆ ಪುಸ್ತಕದ ಕನ್ನಡ ಬಿಟ್ಟು ಬೇರೆ ಬಾರದು, ಸಿಟ್ಟಂತೂ ಮೊದಲೇ ಬಾರದು. ಹುಬ್ಬಳ್ಳಿಯ ಬೈಗುಳ ಒಂದು ಕಡೆಯಿಂದ ಒಳಗೆ ಹೋಗಿ ಇನ್ನೊಂದು ಕಡೆಯಿಂದ ಅಭಿನಂದನಾ ಪತ್ರದ ಹಾಗೆ ಹೊರಗೆ ಬರುತ್ತಿತ್ತು.

ಗಿರಾಕಿಗಳು ನಕ್ಕರೆ ನಗಲಿ, ಅವಳು ತಾಳಿಕೊಳ್ಳುತ್ತಿದ್ದಳು. ನಿಜವಾದ ಪೆಟ್ಟು ಬಿದ್ದದ್ದು ಹಿಂದಿನ ಕೋಣೆಯಲ್ಲಿ.

ಆ ಕೋಣೆಯಲ್ಲಿ ಅವಳ ಗಂಡ ಫಕೀರಪ್ಪ ಕೂತಿರುತ್ತಿದ್ದ. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರಾಗಿ ದುಡಿದು ನಿವೃತ್ತನಾದ ಮನುಷ್ಯ. ಈಗ ಮರೆವಿನ ರೋಗ. ಮೊದಲು ಓಣಿ ಮರೆತ, ಆಮೇಲೆ ನೆಂಟರ ಮುಖ ಮರೆತ, ಕಡೆಗೆ ಕನ್ನಡಿಯಲ್ಲಿದ್ದ ತನ್ನ ಮುಖಕ್ಕೇ "ನಮಸ್ಕಾರ್ರೀ" ಅನ್ನತೊಡಗಿದ. ಹೆಂಡತಿಯ ಮುಖವೂ ಹೋಗಿತ್ತು. ಉಳಿದದ್ದು ಅವಳ ದನಿ ಒಂದೇ. ಬಾಗಿಲಲ್ಲಿ ನಿಂತ ಹೆಂಗಸನ್ನು ಪಿಳಿಪಿಳಿ ನೋಡುತ್ತಿದ್ದವನು, "ಏನ್ರೀ, ಏಳ್ರಿ, ಉಣ್ಣಾಕ ಬರ್ರಿ" ಎಂದು ದನಿ ಕೇಳಿದ ಕೂಡಲೇ ಅರಳಿ "ಬಂದ್ನೆವ್ವಾ" ಅನ್ನುತ್ತಿದ್ದ. ಅಷ್ಟು ಸಾಕಾಗಿತ್ತು ಇಬ್ಬರಿಗೂ.

ತಂಗೆವ್ವ ತಾಟು ಹಿಡಿದು ಬಂದು ಎಂದಿನಂತೆ ಬಾಯಿ ಆಡಿಸಿದಳು. "ಕ್ಷಮಿಸಿ, ದಯವಿಟ್ಟು ಊಟಕ್ಕೆ ಬನ್ನಿ," ಅಂದಿತು ಪಟ್ಟಿ.

ಫಕೀರಪ್ಪ ಗಡಬಡಿಸಿ ಎದ್ದು ನಿಂತ, ಪರಸ್ತ್ರೀಯ ಮುಂದೆ ನಿಲ್ಲುವ ಹಾಗೆ ಅಂಗಿಯ ಗುಂಡಿ ಹಾಕಿಕೊಂಡ. "ಬಾಯಾರ, ನಿಮಗ್ಯಾಕ ತ್ರಾಸು? ಅಲ್ಲಿ ಇಡ್ರಿ. ನಮ್ಮ ಮನಿಯಾಕಿ ಎಲ್ಲಿ ಹೋಗ್ಯಾಳ? ಆಕಿ ಬಂದ ಮ್ಯಾಲ ಉಣ್ತೀನಿ."

ಅವಳು ತನ್ನ ಎದೆ ಮುಟ್ಟಿಕೊಂಡು ತೋರಿಸಿದಳು. ಅವನು ಮರ್ಯಾದೆಯಿಂದ ನಕ್ಕು ಬಾಗಿಲ ಕಡೆ ನೋಡುತ್ತ ಕೂತ. ಸಂಜೆಯ ಹೊತ್ತಿಗೆ ರೊಟ್ಟಿ ಸೆಟೆದು ಹೋಯಿತು, ಅವನು ಮುಟ್ಟಲಿಲ್ಲ. ರೊಟ್ಟಿ ಬಡಿಯುವ ಲಕ್ಕವ್ವ ಹೋಗಿ ಮಗುವಿಗೆ ಉಣಿಸುವಂತೆ ನಾಲ್ಕು ತುತ್ತು ಇಟ್ಟಳು. ಎರಡು ನುಂಗಿದ, ಎರಡು ಉಗುಳಿದ. ತಂಗೆವ್ವ ಒಲೆಯ ಮುಂದೆ ಕೂತು ಬಿಕ್ಕಿದಳು. ಅಳುವಿಗೂ ಸದ್ದು ಇರಲಿಲ್ಲ.

ಮರುದಿನ ಅವಳು ಕಂಪನಿಯ ಸರ್ವಿಸ್ ಸೆಂಟರಿಗೆ ಹೋದಳು. ಗಾಜಿನ ಬಾಗಿಲು, ಎ.ಸಿ., ಟೋಕನ್, ಕುರ್ಚಿ, ಗೋಡೆಯ ಮೇಲೆ ನಗುವ ಮುದುಕಿಯ ಚಿತ್ರ. ತಾಸುಗಟ್ಟಲೆ ಕಾದ ಮೇಲೆ ಕೌಂಟರಿನ ಹುಡುಗ ಕರೆದ. ಟೈ ಕಟ್ಟಿದ್ದ, ಮಾತು ನಮ್ಮ ಕಡೆಯದೇ.

"ಅಮ್ಮಾರ, ನಿಮ್ಮದು ಬಯಲು ಫೈಲ್ ಐತಿ. ಅದಕ್ಕ ಸಪೋರ್ಟ್ ತೆಗದಾರ. ಈಗೆಲ್ಲಾ ಮುದ್ರೆ ಫೈಲ್."

ಈ ಮುದ್ರೆಯದೂ ಒಂದು ಕಥೆ. ಕೆಲವು ವರ್ಷ ಹಿಂದೆ ಕಳ್ಳರು ಜನರ ದನಿ ಕದಿಯತೊಡಗಿದ್ದರು. ಮಗನ ದನಿಯಲ್ಲಿ ಫೋನು ಬರುತ್ತಿತ್ತು, "ಯವ್ವಾ, ಆಸ್ಪತ್ರ್ಯಾಗ ಅದೀನಿ, ರೊಕ್ಕಾ ಕಳಸು" ಎಂದು. ಅಂಥ ಮೋಸ ವಿಪರೀತವಾದಾಗ ಕಾನೂನು ಬಂತು: ಮನುಷ್ಯರಿಂದ ಹಿಡಿದಿಟ್ಟ ದನಿಯನ್ನು ಒಪ್ಪಿಗೆಯ ಮುದ್ರೆ ಇಲ್ಲದೆ ಯಾವ ಹೊಸ ಯಂತ್ರವೂ ನುಡಿಸಕೂಡದು. ಫೋನು, ಟೀವಿ, ಸ್ಪೀಕರು, ಕೊರಳಪಟ್ಟಿ, ಎಲ್ಲಕ್ಕೂ ಅದೇ ಕಾಯಿದೆ; ತಂಗೆವ್ವನ ಪಟ್ಟಿ ಹಳೇ ತಂತ್ರಾಂಶದ್ದಾದ್ದರಿಂದ ಇಷ್ಟು ದಿನ ತಪ್ಪಿಸಿಕೊಂಡಿತ್ತು. ಒಳ್ಳೆಯದೇ. ಆದರೆ ಮುದ್ರೆ ಒತ್ತುವ ಅಚ್ಚು ಕಂಪನಿಗಳ ಕೈಗೆ ಹೋಯಿತು. ಬಯಲು ಫೈಲು ಎಂದರೆ ಯಾರಪ್ಪನ ಸ್ವತ್ತೂ ಅಲ್ಲದ್ದು. ಅದರೊಳಗೆ ಸದ್ದನ್ನು ಹೇಗೆ ಕಟ್ಟಿಟ್ಟಿದೆ ಎಂಬುದನ್ನು ಎಲ್ಲರಿಗೂ ಕಾಣುವಂತೆ ಬರೆದಿಟ್ಟಿದ್ದಾರೆ, ಯಾರು ಬೇಕಾದರೂ ಬಿಚ್ಚುವ ತಂತ್ರಾಂಶ ಬರೆಯಬಹುದು. ಅದಕ್ಕೂ ಮುದ್ರೆ ಒತ್ತಬಹುದಿತ್ತು. ಕಂಪನಿಗಳು ಒತ್ತಲಿಲ್ಲ. ಬಳಸುವವರು ಕಡಿಮೆ ಎಂದರು. ಬಳಸಲು ಬಿಡದೆ ಬಳಸುವವರು ಕಡಿಮೆ ಎನ್ನುವುದು ಯಾವ ಊರಿನ ನ್ಯಾಯವೋ!

"ಕಾಳಜಿ ಮಾಡಬ್ಯಾಡ್ರಿ," ಅಂದ ಹುಡುಗ. "ಹಳೇ ಫೈಲನ್ನ ಮುದ್ರೆ ಫೈಲ್ ಮಾಡಿ ಕೊಡ್ತೀವಿ. ಫ್ರೀ ಐತಿ." ಅವನು ಫೈಲು ಏರಿಸಿದ. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗಿತು, ಕೆಂಪಾಯಿತು. ಹುಡುಗ ಹುಬ್ಬು ಗಂಟಿಕ್ಕಿ ಓದಿದ. "ಒಪ್ಪಿಗೆ ವಾಕ್ಯ ತಾಳೆ ಆಗೂದಿಲ್ಲ ಅನ್ನಾಕ ಹತ್ತೈತ್ರಿ. ನೀವು ಓದಬೇಕಾಗಿದ್ದು, 'ನಾನು, ಫಕೀರಪ್ಪ ಹೊಂಬಳ ಅವರ ಪತ್ನಿ ತಂಗೆವ್ವ, ನನ್ನ ಧ್ವನಿಯನ್ನು ಬಳಸಲು ಒಪ್ಪಿದ್ದೇನೆ' ಅಂತ. ನೀವು ಬ್ಯಾರೇನೋ ಓದೀರಿ."

ತಂಗೆವ್ವ ಹಣೆ ಗಟ್ಟಿಸಿಕೊಂಡಳು. ಆ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು.

ದನಿ ಹಿಡಿದದ್ದು ಆಸ್ಪತ್ರೆಯ ಮಾತಿನ ಚಿಕಿತ್ಸೆಯ ವಿಭಾಗದಲ್ಲಿ, ರುಕ್ಸಾನಾ ಮುಲ್ಲಾ ಎಂಬ ಮೇಡಮ್ಮಿನ ಲ್ಯಾಬಿನಲ್ಲಿ. ಗೋಡೆಗೆಲ್ಲ ದಪ್ಪ ಬಟ್ಟೆ ಹೊಡೆದ ಸಣ್ಣ ಕೋಣೆ. ತಂಗೆವ್ವ ವಾಕ್ಯ ಓದಿದ್ದೇ ಓದಿದ್ದು: ಬಾವಿಯಲ್ಲಿ ನೀರಿದೆ, ಒಂಟೆಯ ಕತ್ತು ಉದ್ದ, ಹೀಗೆ ಹುಚ್ಚುಚ್ಚಾಗಿ. ನಡುವೆ ಒಂದು ಸಲ ಬಾಗಿಲ ಗಾಜಿನಾಚೆ ಫಕೀರಪ್ಪ ಬಿಸಿಲಲ್ಲಿ ನಿಂತದ್ದು ಕಂಡು, ಮೈಕಿನ ಪರಿವೆಯೇ ಇಲ್ಲದೆ, "ಏನ್ರೀ, ಅಲ್ಲೇನ ನಿಂತೀರಿ? ಒಳಗ ಬರ್ರಿ, ಚಾ ಆರಾಕ ಹತ್ತೈತಿ!" ಎಂದು ಕೂಗಿಬಿಟ್ಟಿದ್ದಳು. ರುಕ್ಸಾನಾ ಬಿದ್ದು ಬಿದ್ದು ನಕ್ಕಿದ್ದಳು. ಕಡೆಗೆ ಒಪ್ಪಿಗೆಯ ವಾಕ್ಯ ಬಂತು. ತಂಗೆವ್ವ ಅಲ್ಲಿ ನಿಂತುಬಿಟ್ಟಳು.

"ಇದನ್ನ ನಾ ಓದೂದಿಲ್ರಿ."

"ಯಾಕ್ರಿ?"

"ಅವರ ಹೆಸರ ಐತಿ ಅದರಾಗ."

ಮದುವೆಯಾದ ದಿನದಿಂದ ಅವಳು ಗಂಡನ ಹೆಸರು ಬಾಯಲ್ಲಿ ತಂದವಳಲ್ಲ. ನಮ್ಮ ಕಡೆ ಹಳೇ ಕಾಲದ ಹೆಂಗಸರು ಹಾಗೆಯೇ. ಮದುವೆ, ಸೀಮಂತಗಳಲ್ಲಿ ಒಡಪು ಎಂಬ ಪ್ರಾಸದ ಮಾತು ಕಟ್ಟಿ, ಅದರ ತುದಿಗೆ ಗಂಡನ ಹೆಸರು ಸೇರಿಸಿ ಹೇಳುವ ಪದ್ಧತಿಯಾದರೂ ಉಂಟು, ತಂಗೆವ್ವ ಅದಕ್ಕೂ ಬಗ್ಗಿದವಳಲ್ಲ. ರುಕ್ಸಾನಾ ಎಷ್ಟು ಹೇಳಿದರೂ ಕೇಳದೆ, "ನಾನು, ನಮ್ಮ ಮನಿಯವರ ಹೇಣ್ತಿ ತಂಗೆವ್ವ" ಎಂದು ಓದಿ ಎದ್ದುಬಂದಿದ್ದಳು. "ಇರಲಿ ಬಿಡ್ರಿ, ಬಯಲು ಫೈಲ್ ಐತಿ, ಇದನ್ನ ಯಾರು ಕೇಳ್ತಾರ," ಅಂದಿದ್ದಳು ರುಕ್ಸಾನಾ. ಈಗ ಕೇಳುವವರು ಬಂದಿದ್ದರು.

"ಸಮಸ್ಯೆ ಇಲ್ರಿ," ಅಂದ ಕೌಂಟರಿನ ಹುಡುಗ. "ಆ ಒಂದ ವಾಕ್ಯ ಈಗ ಹೇಳಿಬಿಡ್ರಿ. ನಿಮ್ಮ ಸ್ವಂತ ದನೀಲೆ."

ತಂಗೆವ್ವ ಅವನನ್ನೇ ನೋಡಿದಳು. ಪಟ್ಟಿ ಸಡಿಲಿಸಿ ಗಂಟಲಿನ ತೂತು ತೋರಿಸಿದಳು. ಹುಡುಗ ಬೆವರಿದ. ಕಂಪ್ಯೂಟರಿನಲ್ಲಿ ಏನೇನೋ ಒತ್ತಿದ. "ದನಿ ಇದ್ದವರಿಗೆ ಇದು, ಪುನಃ ಓದೂದು. ತೀರಿಕೊಂಡವರಿಗೆ ಬ್ಯಾರೆ ಐತಿ, ಮರಣ ಪ್ರಮಾಣಪತ್ರ ಹಚ್ಚಿ ವಾರಸುದಾರರು ಸಹಿ ಮಾಡಿದ್ರ ಆತು. ನಿಮ್ಮಂಥವರಿಗೆ... ನಿಮ್ಮಂಥವರಿಗೆ ಆಪ್ಷನ್ನೇ ಇಲ್ರಿ ಇದರಾಗ." ಆಮೇಲೆ ಪಾಪ, ಸಹಾಯ ಮಾಡುವ ಹುರುಪಿನಲ್ಲೇ, "ಸತ್ತಿದ್ರ ಸುಲಭ ಇತ್ತು" ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡ.

ತಂಗೆವ್ವನಿಗೆ ನೆತ್ತಿಗೇರಿತು. ನಿನ್ನ ಕಂಪನಿಗೆ ಬೆಂಕಿ ಹಚ್ಚಾ, ನನ್ನ ದನಿ ನನಗ ಕೊಡಾಕ ನಿಮ್ಮಪ್ಪನ ಗಂಟೇನ ಹೋಗತೈತಿ ಎಂದು ಬಾಯಿ ಆಡಿಸಿದಳು. ಕೊರಳಪಟ್ಟಿ ಮೃದುವಾಗಿ ನುಡಿಯಿತು: "ನಿಮ್ಮ ಸಂಸ್ಥೆಯ ಸೇವೆಯ ಬಗ್ಗೆ ನನಗೆ ಕೆಲವು ಸಲಹೆಗಳಿವೆ." ಹುಡುಗ ನಿಟ್ಟುಸಿರು ಬಿಟ್ಟು, "ಥ್ಯಾಂಕ್ಯೂ ಮೇಡಂ, ಸಲಹಾ ಪೆಟ್ಟಿಗಿ ಹೊರಗೈತ್ರಿ," ಅಂದ.

ಅಲ್ಲಿಂದ ಸೀದಾ ಅವಳು ರುಕ್ಸಾನಾಳ ಲ್ಯಾಬಿಗೆ ಹೋದಳು. ಪಟ್ಟಿ ಬಿಚ್ಚಿ ಮೇಜಿನ ಮೇಲೆ ಕುಕ್ಕಿ, ಗೋಡೆಯ ಬಿಳಿ ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಳು: ನನ್ನ ದನಿ ಎಲ್ಲಿ?

ರುಕ್ಸಾನಾ ಮೂಲೆಯಲ್ಲಿದ್ದ ಹಳೇ ಕಂಪ್ಯೂಟರಿನ ಧೂಳು ಒರೆಸಿ ಚಾಲೂ ಮಾಡಿದಳು. ಕಾನೂನು ಬರುವುದಕ್ಕೂ ಮುಂಚಿನ ಯಂತ್ರ ಅದು, ಮುದ್ರೆ ಗಿದ್ರೆ ಅದಕ್ಕೆ ಗೊತ್ತಿಲ್ಲ. ಫೈಲು ತೆರೆದಳು. "ಒಂಟೆಯ ಕತ್ತು ಉದ್ದ," ಅಂದಿತು ತಂಗೆವ್ವನ ದನಿ, ಒರಟಾಗಿ, ದೊಡ್ಡದಾಗಿ, ಒಂಟೆಯನ್ನೇ ಗದರಿಸುವ ಹಾಗೆ. ತಂಗೆವ್ವ ಸೆರಗು ಬಾಯಿಗಿಟ್ಟುಕೊಂಡಳು.

"ನೋಡ್ರಿ, ಒಂದ ಕೂದಲೂ ಕೊಂಕಿಲ್ಲ," ಅಂದಳು ರುಕ್ಸಾನಾ. ಅವಳ ದನಿಯಲ್ಲಿ ಸಿಟ್ಟಿತ್ತು, ಅದಕ್ಕಿಂತ ಹೆಚ್ಚು ನಾಚಿಕೆ ಇತ್ತು. "ನಾನ ಹಟ ಹಿಡದು ಬಯಲು ಫೈಲಿನಾಗ ಇಟ್ಟೆ. ಕಂಪನಿ ಮುಳುಗಿದ್ರೂ ಮಂದಿ ದನಿ ಮುಳುಗಬಾರದು ಅಂತ. ಈಗ ನೋಡಿದ್ರ ಕಂಪನಿ ಚಂದಾಗಿ ತೇಲಾಕ ಹತ್ತೈತಿ, ಮುಳುಗಿದವರು ನಾವು. ಎಲ್ಲಾರಿಗೂ ತೆರದಿಟ್ಟ ಫೈಲು, ತೆರಿಯೋ ಯಂತ್ರ ಒಂದೂ ಇಲ್ಲ."

ತಂಗೆವ್ವ ತನ್ನ ಫೋನು ಎತ್ತಿ ಸ್ಪೀಕರಿನ ಮುಂದೆ ಹಿಡಿದಳು. ಇಲ್ಲಿ ಹಿಡಿದುಕೊಂಡು ಮನೆಗೆ ಒಯ್ದರಾಯಿತಲ್ಲ ಎಂದು ಅವಳ ಲೆಕ್ಕ. ರುಕ್ಸಾನಾ ತಲೆಯಲ್ಲಾಡಿಸಿದಳು. ಫೋನು ಹಿಡಿದುಕೊಂಡಿತು, ಆದರೆ ಜಪ್ಪಯ್ಯ ಅಂದರೂ ನುಡಿಸಲಿಲ್ಲ. ಮುದ್ರೆ ಇಲ್ಲ ಎಂದು ತೋರಿಸಿ ಸುಮ್ಮನಾಯಿತು.

ಕೊರಳಪಟ್ಟಿಯೊಳಗೆ ಕೈ ಹಾಕುವಂತಿರಲಿಲ್ಲ. ಒಂದಕ್ಷರ ತಿದ್ದಿದರೂ ಅದು ಸತ್ತುಹೋಗುವಂತೆ ಕಂಪನಿ ಕಟ್ಟಿಟ್ಟಿತ್ತು. ಬೇರೆಯದೇ ಒಂದು ಪೆಟ್ಟಿಗೆ ಮಾಡುವುದೆಂದು ರುಕ್ಸಾನಾ ನಿರ್ಧರಿಸಿದಳು. ಅಕ್ಷರ ಒತ್ತಿದರೆ ದನಿಗಂಟಿನಿಂದ ಸದ್ದು ಜೋಡಿಸಿ ನುಡಿಯುವ ಪೆಟ್ಟಿಗೆ. ಬಯಲು ಫೈಲು ಬಿಚ್ಚುವ ವಿಧಾನ ಎಲ್ಲರಿಗೂ ತೆರೆದಿದ್ದದ್ದರಿಂದ ತಂತ್ರಾಂಶ ಬರೆಯುವುದು ಅವಳಿಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ಉಳಿದದ್ದೆಲ್ಲ. ಹೊಸ ಸ್ಪೀಕರು ಒಂದೂ ಬಾಯಿ ಬಿಡಲಿಲ್ಲ, ಎಲ್ಲಕ್ಕೂ ಮುದ್ರೆ ಬೇಕು. ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ ಹಳೇ ರೇಡಿಯೋದ ಸ್ಪೀಕರು ತಂದರು. ಮೊದಲ ಪೆಟ್ಟಿಗೆ ಕಿರುಚಿತು. ಎರಡನೆಯದು ತೊದಲಿತು. ಇನ್ನೊಂದು ಚೆನ್ನಾಗಿಯೇ ಮಾತಾಡಿತು, ಒಂದು ವಾಕ್ಯಕ್ಕೇ ಬ್ಯಾಟರಿ ಮುಗಿಯಿತು. "ಥೂ, ಇದರ ಮನಿ ಹಾಳಾಗ!" ಎಂದು ರುಕ್ಸಾನಾ ಕೈಯಲ್ಲಿದ್ದ ತಿರುಪುಳಿ ಎಸೆದಳು. ಅಷ್ಟು ಹೊತ್ತಿಗೆ ಅವಳಿಗೆ ತಂಗೆವ್ವನ ಮಾತು ಹತ್ತಿತ್ತು.

ಇತ್ತ ಮನೆಯಲ್ಲಿ ಫಕೀರಪ್ಪ ಇಳಿಯುತ್ತಿದ್ದ. ಕೆನ್ನೆ ಒಳಗೆ ಹೋಯಿತು, ಅಂಗಿ ದೊಡ್ಡದಾಯಿತು. ತಂಗೆವ್ವ ಪಟ್ಟಿ ಬಿಚ್ಚಿಟ್ಟು ಸನ್ನೆಯಲ್ಲೇ ಉಣಿಸಲು ನೋಡಿದಳು, ಅದಕ್ಕೂ "ಬ್ಯಾಡ್ರಿ ಬಾಯಾರ" ಎಂದ. ಅವಳು ಸ್ನಾನಕ್ಕೆ ನೀರು ತೋಡಿಟ್ಟರೆ ಉಪಕಾರವಾಯಿತು ಎನ್ನುತ್ತಿದ್ದ, ತಲೆ ಬಾಚಿದರೆ ನಾಚುತ್ತಿದ್ದ. ಹೆಂಡತಿ ಎಲ್ಲಿ ಎಂದು ಬಂದವರನ್ನೆಲ್ಲ ಕೇಳುತ್ತಿದ್ದ. "ನನ್ನ ಮ್ಯಾಲ ಸಿಟ್ಟಾಗಿ ಹ್ವಾದಳೇನ್ರಿ?" ಎಂದು ಒಂದು ದಿನ ಅವಳನ್ನೇ ಕೇಳಿದ. ಕಟ್ಟಿಕೊಂಡ ಗಂಡ ತನ್ನ ಎದುರಿಗೇ ಕೂತು ತನ್ನನ್ನೇ ಹುಡುಕುವಾಗ ಏನೆಂದು ಹೇಳುವುದು? ಹೇಳಿದರೂ ಹೇಳುವುದು ಧ್ವನಿ ನಾಲ್ಕು.

ಪೆಟ್ಟಿಗೆ ಕಡೆಗೂ ಒಂದು ಹದಕ್ಕೆ ಬಂದ ದಿನ ತಂಗೆವ್ವ ಲ್ಯಾಬಿನಲ್ಲಿದ್ದಳು. ಊಟದ ಡಬ್ಬಿಯಷ್ಟು ದೊಡ್ಡದು, ಮೇಲೆ ಅಕ್ಷರದ ಗುಂಡಿಗಳು, ಪಕ್ಕದಲ್ಲಿ ಬಣ್ಣದ ಎರಡು ದೊಡ್ಡ ಗುಂಡಿ.

"ಅಕ್ಷರ ಒತ್ತಿ ಮಾತು ಜೋಡಸಾಕ ಹೊತ್ತ ಹಿಡಿತೈತಿ," ಅಂದಳು ರುಕ್ಸಾನಾ. "ಅದಕ್ಕ ಎರಡು ಮಾತು ತಯಾರ ಮಾಡಿ ಇಟ್ಟೀನಿ. ಹಸರ ಗುಂಡಿ ಅವತ್ತು ನೀವು ಚಾ ಆರಾಕ ಹತ್ತೈತಿ ಅಂತ ಕೂಗಿದ್ದು. ನಾ ಅದನ್ನ ಅಳಸಿರಲಿಲ್ಲ. ಕೆಂಪಂದು ಕಾಕಾರ ಹೆಸರು."

ತಂಗೆವ್ವ ಕೆಂಪು ಗುಂಡಿಯನ್ನು ಹಾವು ಕಂಡಂತೆ ನೋಡಿದಳು. ಬೇಡ ಎಂದು ಕೈಯಾಡಿಸಿದಳು.

"ಇರಲ್ರಿ. ಅವರು ಎಲ್ಲೆರ ತಪ್ಪಿಸಿಕೊಂಡ್ರ ಏನಂತ ಕರೀತೀರಿ? ಏನ್ರೀ ಅಂದ್ರ ಅರ್ಧ ಹುಬ್ಬಳ್ಳಿ ತಿರಗಿ ನೋಡತೈತಿ." ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಆಚೆ ಲಕ್ಕವ್ವ ಅಳುತ್ತಿದ್ದಳು. "ಮೇಡಂ, ಕಾಕಾ ಇಲ್ರಿ! ಟ್ರಂಕಿನಾಗಿನ ಖಾಕಿ ಅಂಗಿ ಹಾಕ್ಕೊಂಡು, ಡ್ಯೂಟಿಗೆ ಹೊಂಟೀನಿ, ಆಕಿ ಡಬ್ಬಿ ತರ್ತಾಳ, ಗೇಟಿನಾಗ ಸಿಗತಾಳ ಅಂದ್ರಂತ. ಬಾಜೂ ಮನಿಯವರು ನೋಡ್ಯಾರ!"

ಯಾವ ಗೇಟು ಎಂದು ತಂಗೆವ್ವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವನು ನೌಕರಿಯಲ್ಲಿದ್ದಷ್ಟು ಕಾಲ ಮಧ್ಯಾಹ್ನ ವರ್ಕ್‌ಶಾಪಿನ ಗೇಟಿಗೆ ಬಿಸಿ ರೊಟ್ಟಿಯ ಡಬ್ಬಿ ಒಯ್ದವಳು ಅವಳು. ಪೆಟ್ಟಿಗೆಯನ್ನು ಕೈಚೀಲಕ್ಕೆ ತುಂಬಿ ರುಕ್ಸಾನಾಳ ಸ್ಕೂಟರಿನ ಹಿಂದೆ ಕೂತಳು. ದಾರಿಯಲ್ಲಿ ಖಾನಾವಳಿಯ ಮುಂದೆ ಇಳಿದು, ರುಕ್ಸಾನಾ ಬೇಡವೆಂದರೂ ಕೇಳದೆ, ಲಕ್ಕವ್ವನ ಕೈಯಿಂದ ರೊಟ್ಟಿ ಪಲ್ಯದ ಡಬ್ಬಿ ಇಸಿದುಕೊಂಡಳು.

ಅವರು ಮುಟ್ಟುವ ಹೊತ್ತಿಗೆ ಊಟದ ಸೈರನ್ ಆಗಿ ಗೇಟಿನಿಂದ ಜನ ಧುಮ್ಮಿಕ್ಕುತ್ತಿದ್ದರು. ಖಾಕಿಯೇ ಖಾಕಿ. ಅದರ ನಡುವೆ ಹುಡುಕುವುದೆಲ್ಲಿ? ಕಡೆಗೆ ರಸ್ತೆಯ ಆಚೆ ಕಂಡ. ದೊಡ್ಡ ಅಂಗಿಯೊಳಗೆ ಸಣ್ಣಗಾದ ಮನುಷ್ಯ, ಹಣೆಗೆ ಕೈ ಹಚ್ಚಿ ಗೇಟಿನ ಕಡೆ ನೋಡುತ್ತ, ಇದ್ದಕ್ಕಿದ್ದಂತೆ ರಸ್ತೆಗೆ ಇಳಿದ. ಬಲಗಡೆಯಿಂದ ಬಸ್ಸು ಬರುತ್ತಿತ್ತು.

"ಕೆಂಪಂದು ಒತ್ರೀ!" ಎಂದು ರುಕ್ಸಾನಾ ಚೀರಿದಳು.

ತಂಗೆವ್ವ ಕಣ್ಣು ಮುಚ್ಚಿ ಒತ್ತಿದಳು. "ಫಕೀರಪ್ಪ!" ಅಂದಿತು ಪೆಟ್ಟಿಗೆ ಹಳೇ ರೇಡಿಯೋದ ಎದೆಯಿಂದ. "ಫಕೀರಪ್ಪ!" ಅವಳದೇ ದನಿ. ಜೀವಮಾನದಲ್ಲಿ ಆ ಬಾಯಿಂದ ಬಾರದ ಮಾತು ನಡುರಸ್ತೆಯಲ್ಲಿ, ಅಷ್ಟು ಜನರ ಎದುರಿಗೆ ಬಂದಿತ್ತು.

ಫಕೀರಪ್ಪ ಗಕ್ಕನೆ ನಿಂತ. ಬಸ್ಸು ಅವನ ಮುಂದೆ ಹಾದುಹೋಯಿತು. ಅದು ಸರಿದ ಮೇಲೆ ಅವನ ಮುಖ ಕಂಡಿತು. ಅದರಲ್ಲಿ ಅವಳು ಬಯಸಿದ ಹಿಗ್ಗು ಇರಲಿಲ್ಲ, ಕೆಟ್ಟ ಕೋಪವಿತ್ತು. ತಂಗೆವ್ವ ಓಡಿಹೋಗಿ ಅವನ ರಟ್ಟೆ ಹಿಡಿದು ಬದಿಗೆಳೆದಳು.

"ಬಾಯಾರ, ನೀವೂ ಬಂದ್ರ್ಯಾ?" ಅಂದ ಅವನು. "ಕೇಳಿದ್ರಿಲ್ಲೋ? ಯಾರೋ ಕಳ್ಳರು ನಮ್ಮ ಮನಿಯಾಕಿ ದನಿ ಕದ್ದಾರ. ಪೊಲೀಸರಿಗೆ ಹೇಳಬೇಕು."

"ಕಾಕಾ, ಕಳ್ಳರಲ್ರಿ, ಅದು ಅವರದ ದನಿ," ಅಂದಳು ಹಿಂದೆಯೇ ಬಂದ ರುಕ್ಸಾನಾ.

"ಏ ತಂಗೀ, ನನಗ ಹೇಳಾಕ ಬರಬ್ಯಾಡ. ಆಕಿ ನನ್ನ ಹೆಸರ ಹಿಡಿಯಾಕಿ ಅಲ್ಲ. ಒಡಪ ಹೇಳು ಅಂತ ನಮ್ಮವ್ವ ಕಾಡಿದ್ರ ಅತ್ತು ಎದ್ದ ಹೋದಾಕಿ ಆಕಿ. ದನಿ ಆಕೀದ ಇರಬಹುದು, ಮಾತು ಆಕೀದಲ್ಲ!"

ಊರು, ಓಣಿ, ತನ್ನ ಮುಖ ಎಲ್ಲ ಮರೆತ ಮನುಷ್ಯ ಅದೊಂದನ್ನು ಮರೆತಿರಲಿಲ್ಲ. ತಂಗೆವ್ವನಿಗೆ ಮಾತ್ರ ಎದೆ ಒಡೆಯಿತು. ಇಷ್ಟು ದಿನದ ಅಲೆದಾಟ, ಇಷ್ಟು ಪೆಟ್ಟಿಗೆ, ಕಡೆಗೆ ಜೀವಮಾನದ ನೇಮ ಮುರಿದದ್ದು, ಎಲ್ಲ ಸೇರಿ ತನ್ನನ್ನು ಕಳ್ಳಿ ಮಾಡಿತಲ್ಲ! ಆ ಕಂಪನಿಯ ಮೇಲೆ, ಕೆಂಪು ಗುಂಡಿಯ ಮೇಲೆ, ಎದುರಿಗೆ ನಿಂತು ತನ್ನನ್ನೇ ಅನುಮಾನಿಸುವ ಈ ಗಂಡನ ಮೇಲೆ ಅವಳಿಗೆ ಹಾಳು ಸಿಟ್ಟು ಬಂತು. ಕೊರಳಪಟ್ಟಿ ಕಿತ್ತು ಚೀಲಕ್ಕೆ ಎಸೆದಳು. ಪೆಟ್ಟಿಗೆಯನ್ನು ಅವನ ಕಿವಿಯ ಹತ್ತಿರಕ್ಕೆ ಎತ್ತಿ, ಬೈಯುವವಳ ಹಾಗೆ ಹಸಿರು ಗುಂಡಿಯನ್ನು ಗುದ್ದಿದಳು.

"ಏನ್ರೀ, ಅಲ್ಲೇನ ನಿಂತೀರಿ? ಒಳಗ ಬರ್ರಿ, ಚಾ ಆರಾಕ ಹತ್ತೈತಿ!"

ಫಕೀರಪ್ಪ ತಲೆ ಎತ್ತಿದ. ಪೆಟ್ಟಿಗೆಯನ್ನು ನೋಡಲಿಲ್ಲ, ಅವಳ ಬಾಯನ್ನು ನೋಡಿದ, ಆಮೇಲೆ ಮುಖ ನೋಡಿದ.

"ಬಂದ್ನೆವ್ವಾ," ಅಂದ. "ಎಷ್ಟ ಹೊತ್ತ ಮಾಡಿದಿ? ನಿಂತ ನಿಂತ ಕಾಲ ಬಿದ್ದ ಹೋದುವು. ಹಸಿವ್ಯಾಗೇತಿ ನನಗ."

ಗೇಟಿನ ಪಕ್ಕದ ಬೇವಿನ ಮರದ ಕಟ್ಟೆಯ ಮೇಲೆ ಅವಳು ಡಬ್ಬಿ ಬಿಚ್ಚಿದಳು. ಫಕೀರಪ್ಪ ಎಷ್ಟೋ ದಿನದ ಹಸಿವನ್ನು ಒಂದೇ ಸಲ ತೀರಿಸುವವನಂತೆ ಬಕಬಕ ತಿಂದ. ರುಕ್ಸಾನಾಳ ಫೋನು ಟಿಣ್ ಅಂದಿತು. ತಂಗೆವ್ವನ ಪರವಾಗಿ ಅವಳು ಬರೆದಿದ್ದ ದೂರಿಗೆ ಕಂಪನಿಯ ಉತ್ತರ: ದಯವಿಟ್ಟು ಗ್ರಾಹಕರು ಸ್ವಂತ ಧ್ವನಿಯಲ್ಲಿ ಸಂಪರ್ಕಿಸಬೇಕು. ರುಕ್ಸಾನಾ ಅದನ್ನು ಯಾರಿಗೂ ತೋರಿಸದೆ ಬಾಯೊಳಗೇ ಏನೋ ಬೈದುಕೊಂಡಳು.

ಕೊನೆಯ ರೊಟ್ಟಿಗೆ ಬಂದಾಗ ಫಕೀರಪ್ಪ ಕೈ ತಡೆದ. ರೊಟ್ಟಿಯನ್ನು ಮಡಚಿ ಡಬ್ಬಿಯಲ್ಲೇ ಇಟ್ಟು, ಹೆಂಡತಿಯ ಕಡೆ ಬಗ್ಗಿ, ಯಾರಿಗೂ ಕೇಳಿಸಬಾರದ ಮಾತಿನ ಹಾಗೆ ಸಣ್ಣಗೆ ಹೇಳಿದ.

"ನೀ ಇಲ್ಲದಾಗ ಮನ್ಯಾಗ ಒಬ್ಬಾಕಿ ಬಾಯಾರು ಇದ್ರು. ಪಾಪ, ಛಲೋ ಹೆಣ್ಣಮಗಳು. ಮಾತು ಒಂದೀಟು ಬ್ಯಾರೆ, ಆದ್ರ ನನ್ನ ಭಾಳ ನೋಡಿಕೊಂಡ್ರು. ನಾ ಉಣ್ಣಲಿಲ್ಲಂತ ಆಕಿನೂ ಉಣ್ಣತಿರಲಿಲ್ಲ. ಆಕಿಗೆ ಇದೊಂದ ರೊಟ್ಟಿ ಕೊಡು."

ತಂಗೆವ್ವ ಪೆಟ್ಟಿಗೆಯನ್ನು ಮಡಿಲಿಗೆ ಎಳೆದುಕೊಂಡು ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಹೊತ್ತು ಹಿಡಿಯಿತು. ಅವನು ಕಾದ.

"ಕೊಡ್ತೀನ್ರಿ," ಅಂದಿತು ಅವಳ ದನಿ. ಅವಳು ಆ ರೊಟ್ಟಿ ಮುರಿದು ತಿಂದಳು.